ಪಾಟೀ ಸವಾಲು

ಮೂವತ್ತೊಂದು ವರ್ಷ ಬೀದರಿನ ಕೋರ್ಟಿನಲ್ಲಿ
ಬೇರೆಯವರ ಮಾತನ್ನೇ ಟೈಪು ಮಾಡಿದ ಬೆರಳು ನನ್ನವು.
'ಸತ್ಯವನ್ನೇ ಹೇಳುತ್ತೇನೆ' ಎಂಬ ಸಾಲು
ಕೀಲಿ ನೋಡದೆ ಹೊಡೆಯುತ್ತೇನೆ, ನಿದ್ದೆಯಲ್ಲೂ.

ಎಡಗೈ ಕಿರುಬೆರಳು ಈಚೆಗೆ ಜೋಮು ಹಿಡಿಯುತ್ತದೆ.
ಹಾಗಂತ ಇಫ್ತೆಖಾರನ ಅಂಗಡಿಯಲ್ಲಿ ಮೊದಲೇ ಹೇಳಿದೆ.
ಅವನು ಎರಡು ಸೈಕಲ್ಲು ಹೊರಗೆ ತಂದ.
ಕರಿಯದು ಕಾರ್ಬನ್ನು, ಒಂದೇ ಬೆರಳಲ್ಲಿ ಎತ್ತಿ ತೋರಿಸಿದ.
ಇನ್ನೊಂದು ಹಸಿ ಕಡಲೆಯ ಬಣ್ಣ,
ಹ್ಯಾಂಡಲ್ಲು ಮೂರು ಬೆರಳು ಎತ್ತರ, ಟಯರು ಅಗಲ.

"ಅದು ಓಟದ ಕುದುರಿ ರೀ ಅಕ್ಕಾ, ಇದು ದೂರದ ಕುದುರಿ.
ಎರಡೂ ಓಡಿಸಿ ನೋಡ್ರಿ, ಆಮ್ಯಾಲ ರೊಕ್ಕದ ಮಾತು."

ಚೂಡಿದಾರದ ಕಾಲಿಗೆ
ಫೈಲು ಕಟ್ಟುವ ಟ್ಯಾಗು ಬಿಗಿದುಕೊಂಡೆ.

ದುಲ್ಹನ್ ದರ್ವಾಜಾ ದಾಟಿದರೆ ಅಷ್ಟೂರಿನ ಇಳಿಜಾರು.
ಕರಿಯದು ಹಾರಿತು. ದುಪಟ್ಟಾ ಹಿಂದೆ ಉಳಿಯಿತು ಅನ್ನಿಸಿತು,
ನಕ್ಕೆನೋ ಏನೋ, ಬಾಯಿಗೆ ಗಾಳಿ ಹೊಕ್ಕಿತ್ತು.
ಆದರೆ ಇಳಿಜಾರಿನಲ್ಲಿ ಎಲ್ಲ ಸೈಕಲ್ಲೂ ಒಳ್ಳೆಯವೇ,
ತಮ್ಮದೇ ವಕೀಲರು ಕೇಳುವಾಗ
ಎಲ್ಲ ಸಾಕ್ಷಿಗಳೂ ಒಳ್ಳೆಯವರಿದ್ದ ಹಾಗೆ.

ವಾಪಸು ಏರುವಾಗ ಶುರುವಾಯಿತು ಪಾಟೀ ಸವಾಲು.
ಪೈಪಿಗೆ ಅಗೆದು ಮುಚ್ಚಿದ ಕೆಂಪು ಮುರುಮು,
ಅರ್ಧ ಫರ್ಲಾಂಗು ದಡಬಡ.
ಕತ್ತು ಬಗ್ಗಿ ಮುಂದಿನ ಗಾಲಿ ಬಿಟ್ಟು ಬೇರೇನೂ ಕಾಣದು.
ಸುಲ್ತಾನರ ಗೋರಿ ಬಂದವೋ ಹೋದವೋ.
ಕಿರುಬೆರಳು ಹೇಳಿಕೆ ಕೊಡುವುದನ್ನೇ ನಿಲ್ಲಿಸಿತು.

ಎರಡನೆಯದು ಹತ್ತಿ ಅದೇ ದಾರಿ, ಅದೇ ಬಿಸಿಲು.
ಅದೇ ಮುರುಮಿನ ಮೇಲೆ ಅದು
ಎತ್ತರದ ದನಿಯಲ್ಲಿ ಏನೂ ಹೇಳಲಿಲ್ಲ.
ಗೋರಿ ಎಣಿಸಿದೆ. ಸಿಡಿಲು ಬಡಿದು ಅರ್ಧ ಬಿದ್ದ
ಗುಂಬಜಿನ ಹೊಟ್ಟೆಯೊಳಗೆ ಪಾರಿವಾಳ,
ಕೆಳಗೆ ಆಡು, ಮೇಲೆ ತರಬೇತಿಯ ವಿಮಾನವೊಂದು
ಕಲಿಯುವವರ ಹಾಗೇ ತಿರುವು ಅಗಲ ಹಾಕುತ್ತಿತ್ತು.
ಎಲ್ಲ ನೋಡುವಷ್ಟು ಪುರುಸೊತ್ತು,
ಏರಿನಲ್ಲೇ.

ಮನಸ್ಸಿನಲ್ಲಿ ಟೈಪಿಸುತ್ತ ಬಂದೆ:
ತೂಕ ಹೆಚ್ಚು ಎಂದರೆ ಸರಿ.
ಗಿಯರು ಬದಲಿಸುವಾಗ ತಡವರಿಸಿತು ಎಂದರೆ ಸರಿಯಲ್ಲ.
ಬಣ್ಣಕ್ಕೆ ಮರುಳಾದೆ ಎಂದರೆ ಪೂರ್ತಿ ಸರಿಯಲ್ಲ.
ಐವತ್ಮೂರರ ಹೆಂಗಸಿಗೆ ಇದು ಬೇಕಿತ್ತೇ ಎಂದರೆ—
ಪ್ರಶ್ನೆಗೆ ಆಕ್ಷೇಪಣೆ ಇದೆ.

"ಅಷ್ಟು ರೊಕ್ಕಕ್ಕ ಸ್ಕೂಟಿ ಬರ್ತದಲ್ಲ," ಅಂದಿದ್ದರು ಮನೆಯಲ್ಲಿ.
ಬರ್ತದ. ಹುಮನಾಬಾದಿಗೂ ಹೋಗ್ತದ.
ಕಮಲಾಪುರದಲ್ಲಿ ನಿಂತು ಕೆಂಪು ಬಾಳೆಹಣ್ಣು ತಿಂದು
ಸಂಜೆಗೆ ಕಲಬುರಗಿ ಮುಟ್ಟಿ, ತಂಗಿಯ ಬಾಗಿಲು ತಟ್ಟಿ
'ಹ್ಯಾಂಗ ಬಂದಿ?' ಅಂದರೆ
ಕಾಲು ತೋರಿಸಲಿಕ್ಕೆ ಆಗ್ತದೇನು?
ಅಂದಿರಲಿಲ್ಲ. ಚಹಾ ಸೋಸುತ್ತಿದ್ದೆ.

ಅಂಗಡಿಯ ಪಡಿಯ ಮೇಲೆ ಕೂತು ಕೈ ಝಾಡಿಸಿ ನೋಡಿದೆ.
ಐದೂ ಬೆರಳು ಹಾಜರು.
ಕರಿಯ ಸೈಕಲ್ಲು ಗೋಡೆಗೆ ಒರಗಿ ಚೆಂದವೇ ಕಾಣುತ್ತಿತ್ತು,
ಸುಳ್ಳು ಯಾಕೆ, ಇನ್ನೊಮ್ಮೆ ನೋಡಿದೆ.

ಚೀಟಿಯ ರೊಕ್ಕ ಕೈಗೆ ಬರುವುದು ಹತ್ತನೇ ತಾರೀಖು.
ಐದು ನೂರು ಕೊಟ್ಟೆ, ರಸೀದಿ ಬೇಡವೆಂದರೂ ಬರೆದ.
ಅವನ ಹುಡುಗ ಸೀಟಿನ ಕೆಳಗಿನ ಕೊಳವೆಗೆ
ಒಂದು ಸುತ್ತು ಬಿಳಿ ಟೇಪು ಅಂಟಿಸಿ,
ಪೆನ್ನಿನಲ್ಲಿ ಗೀಚಿದ: 'ಪುತಳಾಬಾಯಿ, ೬೭.'

"ಅಲ್ಲಿತನಕ ಬ್ಯಾರೆಯವ್ರು ಓಡಿಸಿ ನೋಡಿದ್ರ?"
"ಓಡಿಸ್ಲಿ ಬಿಡ್ರಿ ಅಕ್ಕಾ, ಟೇಪು ಬಿಚ್ಚಂಗಿಲ್ಲ."

ಹತ್ತಕ್ಕೆ ಇನ್ನೂ ಆರು ದಿನ.
ನಾಳೆ ಒಂದು ಜಮೀನಿನ ದಾವೆ, ಎಂಟು ಸಾಕ್ಷಿ.